ಅಕ್ಕನ ಹಿಟ್ಟಿನ ಡಬ್ಬಿ

ನಮ್ಮ ಅಕ್ಕನ ಮನೆಯಲ್ಲಿ ರಾತ್ರಿ ಒಂಬತ್ತಾದರೆ ಟಿವಿಗೂ ನಿದ್ದೆ ಬರುತ್ತದೆ! ನಂಬಿಕೆ ಬರದಿದ್ದರೆ ಕಲಬುರಗಿಗೆ ಬನ್ನಿ. ಸೇಡಂ ರಸ್ತೆಯ ಒಳಗಿನ ಓಣಿಯಲ್ಲಿ "ಟಿವಿಗೆ ಸೀರಿ ಉಡಿಸೋರ ಮನಿ ಯಾವುದ್ರೀ?" ಎಂದು ಕೇಳಿ. ಬಾಗಿಲತನಕ ಬಿಟ್ಟು ಬರುತ್ತಾರೆ.

ಒಂಬತ್ತಕ್ಕೆ ಸರಿಯಾಗಿ ಅಕ್ಕ ಹಳೆಯ ಇಳಕಲ್ ಸೀರೆಯೊಂದನ್ನು ಟಿವಿಗೆ ಸುತ್ತುತ್ತಾಳೆ. ರಿಮೋಟಿನ ಸೆಲ್ಲು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. ಆಮೇಲೆ ಜೋಳದ ಹಿಟ್ಟಿನ ಡಬ್ಬಿ ಹಿಡಿದು ಮನೆ ತುಂಬ ತಿರುಗುತ್ತಾಳೆ. "ಹಾಕ್ರಿ, ಹಾಕ್ರಿ!" ಎಲ್ಲರ ಮೊಬೈಲೂ ಹಿಟ್ಟಿನೊಳಗೆ ಹೂತುಹೋಗಬೇಕು. ಹಿಟ್ಟೇ ಯಾಕೆ? ನಾನೂ ಕೇಳಿದೆ.

"ಕಪಾಟಿನಾಗ ಇಟ್ಟರ ಪೋರಿ ಕೀಲಿ ಹುಡುಕ್ತಾಳ. ಹಿಟ್ಟಿನಾಗ ಕೈ ಹಾಕಿದ್ರ ಕೈ ಬೆಳ್ಳಗ ಆಗ್ತದ. ಕಳ್ಳರು ತಾವೇ ಸಿಕ್ಕಿ ಬೀಳ್ತಾರ, ತಮ್ಮಾ!"

ಪೋರಿ ಎಂದರೆ ಅಕ್ಕನ ಒಬ್ಬಳೇ ಮಗಳು, ಹತ್ತನೇ ತರಗತಿ. ಆದರೆ ಮೊದಲು ಸಿಕ್ಕಿಬಿದ್ದವರು ನಮ್ಮ ಭಾವ! ಒಂದು ರಾತ್ರಿ ಅವರ ಆಫೀಸಿನ ಸಾಹೇಬರ ಫೋನು ಡಬ್ಬಿಯೊಳಗೆ ಬಡಕೊಳ್ಳತೊಡಗಿತು. ಭಾವ ಮೊಳಕೈತನಕ ಹಿಟ್ಟಿನಲ್ಲಿ ಕೈಯಾಡಿಸಿ ಎತ್ತಿ "ಹಾಂ ಸರ್, ಹೇಳ್ರಿ ಸರ್" ಎನ್ನುವಷ್ಟರಲ್ಲಿ ಮೂಗಿಗೆ ಹಿಟ್ಟೇರಿ ಸೀನಿದ್ದೇ ಸೀನಿದ್ದು. "ಭಾಳ ನೆಗಡಿ ಆದಂಗ ಅದ, ನಾಳೆ ರಜಾ ತಗೋರಿ" ಎಂದರಂತೆ ಸಾಹೇಬರು!

ನಾವೆಲ್ಲ ಖಾಲಾ, ಎಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯವರು ಇದನ್ನೆಲ್ಲ ಗೋಡೆಯ ಮೇಲಿಂದ ನೋಡಿ ನಗುತ್ತಿದ್ದವರು. ಒಂದು ದಿನ ತಾವೇ ಮೂರು ಮೊಬೈಲು ಹಿಡಿದು ಬಂದರು. "ಬಾಜಿ, ನಮ್ಮ ಪೋರಗೋಳ್ದೂ ನಿಮ್ಮ ಡಬ್ಬ್ಯಾಗ ಇಟ್ಕೋರಿ. ಅಲ್ಲಾ ನಿಮಗ ಒಳ್ಳೇದ ಮಾಡ್ಲಿ!" ಅಕ್ಕ ಮರುದಿನವೇ ದೊಡ್ಡ ಡಬ್ಬಿ ತಂದಳು.

ಬೆಳಿಗ್ಗೆ ಎದ್ದವಳು ಮೊದಲು ಟಿವಿಯ ಬೆನ್ನ ಮೇಲೆ ಕೈಯಿಡುತ್ತಾಳೆ, ಕೂಸಿನ ಜ್ವರ ನೋಡುವ ಹಾಗೆ. "ತಣ್ಣಗ ಅದ" ಎಂದ ಮೇಲೆಯೇ ನಮಗೆ ಚಹಾ.

ನಾನಿರುವುದು ಕಮಲಾಪುರದಲ್ಲಿ. ಬಾಳೆಯ ತೋಟ ಮಾಡುತ್ತೇನೆ. ಕಲಿತದ್ದು ಹತ್ತರತನಕ, ಅದೂ ಪೂರ್ತಿ ಅಲ್ಲ. ಅಕ್ಕನ ಈ ಕಥೆಗಳನ್ನು ಊರ ಕಟ್ಟೆಯ ಮೇಲೆ ಕೂತು ಹೇಳಿ ಮಂದಿಯನ್ನು ನಗಿಸುವವನು ನಾನೇ. ಬರೀ ನಗಿಸಿದ್ದಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ದೀಪಾವಳಿಗೆ ಊರಿಗೆ ಬಂದ ಪೋರಿ ಕೊರಳಿಗೆ ಜೋತುಬಿದ್ದಳು. "ಮಾಮಾ, ನಿನ್ನ ಹಳೀ ಫೋನ್ ಸುಮ್ನ ಬಿದ್ದದ ಅಲ್ಲ? ದಿನಾ ಒಂದ್ ತಾಸು ಅಷ್ಟೇ ನೋಡ್ತೀನಿ. ಅವ್ವಗ ಹೇಳಬ್ಯಾಡ."

ಒಳ್ಳೆಯ ಮಾಮ ಅನ್ನಿಸಿಕೊಳ್ಳುವ ಆಸೆ ಯಾರಿಗಿಲ್ಲ ಹೇಳಿ? ಮುಂದಿನ ಸಲ ಕೆಂಪು ಬಾಳೆಯ ಗೊನೆ ಒಯ್ಯುವಾಗ ಕಾಯಿಗಳ ನಡುವೆ ಫೋನು ಸಿಕ್ಕಿಸಿ, ಒಣ ಎಲೆ ಸುತ್ತಿ, ಅಕ್ಕನ ಕೈಗೇ ಕೊಟ್ಟೆ! "ಈ ಸಲ ಗೊನಿ ಭಾರಿ ತೂಗ್ತದ ನೋಡು" ಎಂದು ಅಕ್ಕ ಹಿಗ್ಗಿದಳು. ಪೋರಿ ಓಡಿಬಂದು "ನಾ ಒಳಗ ಇಡ್ತೀನಿ" ಎಂದು ಒಯ್ದಳು.

ಎರಡು ತಿಂಗಳಲ್ಲಿ ಪೋರಿಯ ಕಣ್ಣು ಕೆಂಪಗಾದವು. ತಾಟಿನ ಮುಂದೆಯೇ ತೂಕಡಿಸತೊಡಗಿದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೂರು ವಿಷಯ ಹೋದವು. ಅಕ್ಕ ಅವಳನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ ಬಂದಳು, ಆಮೇಲೆ ತಾನು ಟಿವಿಯ ಮುಂದೆ ನೆಲದ ಮೇಲೆ ಚಾಪೆ ಹಾಸಿ ಮಲಗತೊಡಗಿದಳು. ಆ ಥಂಡಿಯಲ್ಲಿ!

"ಟಿವಿ ತಣ್ಣಗೇ ಇರ್ತದ. ಡಬ್ಬಿ ಯಾರೂ ಮುಟ್ಟಿಲ್ಲ. ನನ್ನ ಕಾವಲದಾಗೇ ಎಲ್ಲೋ ತೂತು ಬಿದ್ದದ ತಮ್ಮಾ, ಎಲ್ಲಿ ಅಂತ ತಿಳೀವಲ್ದು" ಎಂದು, ನೋಡಲು ಹೋದ ನನ್ನ ಮುಂದೆ ಕೆಮ್ಮಿದಳು.

ತೂತು ಅವಳ ಎದುರಿಗೇ ಕೂತು ಚಹಾ ಕುಡಿಯುತ್ತಿತ್ತು. ಚಹಾ ಮುಗಿಸಿ ಊರಿನ ಬಸ್ಸು ಹಿಡಿದೆ.

ಊರಿಗೆ ಬಂದವನು ನಾಲ್ಕು ದಿನ ಕಟ್ಟೆಯ ಕಡೆ ಹೋಗಲಿಲ್ಲ. ಐದನೇ ದಿನ ಬಸ್ಸು ಹತ್ತಿ ಬಂದು ಅಕ್ಕನ ಮುಂದೆ ಎಲ್ಲ ಹೇಳಿಬಿಟ್ಟೆ. ಪೋರಿ ತಾನೇ ಫೋನು ತಂದು ನಡುವೆ ಇಟ್ಟು ಅಳತೊಡಗಿದಳು. ರೊಟ್ಟಿ ಬಡಿಯುತ್ತಿದ್ದ ಅಕ್ಕನ ಕೈ ನಿಂತಿತು. ಎತ್ತಿ ಎರಡು ಏಟು ಕೊಟ್ಟಿದ್ದರೂ ತಿನ್ನುತ್ತಿದ್ದೆ. ಅವಳು ಬೈಯಲೂ ಇಲ್ಲ.

"ನೀ ಹತ್ತನೇ ಕ್ಲಾಸಿನಾಗ ಇದ್ದಾಗ, ಅಪ್ಪ ಮಲಗಿದ ಮ್ಯಾಲ ಗೌಡ್ರ ಮನಿಗಿ ಟಿವಿ ನೋಡಾಕ ಹೋಗ್ತಿದ್ದಿ. ನೆನಪದ?"

"ಅದ."

"ತಿರುಗಿ ಬಂದಾಗ ಒಳಗಿನ ಚಿಲಕ ಯಾರು ತಗೀತಿದ್ರು?"

"ನೀನೇ, ಅಕ್ಕಾ."

"ತಮ್ಮ ಖುಷಿ ಆಗ್ತಾನಂತ ತಗೀತಿದ್ದೆ. ನೀ ನಪಾಸಾದಿ, ಸಾಲಿ ಬಿಟ್ಟಿ. ನಿನ್ನ ಸಾಲಿ ಬಿಡಿಸಿದಾಕಿ ನಾನೇ. ಇಕಿಗಾದ್ರೂ ಹಂಗ ಆಗಬಾರ್ದಂತ ನನ್ನ ಈ ಹುಚ್ಚಾಟ, ತಮ್ಮಾ."

ಸಣ್ಣವನಿದ್ದಾಗ ಅಕ್ಕ ನನಗೆ ತೋರಿಸಿದ ಎಲ್ಲಕ್ಕಿಂತ ದೊಡ್ಡ ಪ್ರೀತಿ ಆ ಚಿಲಕ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅವಳು ಅದನ್ನೇ ತಪ್ಪೆಂದು ಹೊತ್ತುಕೊಂಡು ಬಂದಿದ್ದಳು. ಹಾಗಾದರೆ ಕಟ್ಟೆಯ ಮೇಲೆ ನಾನು ನಗೆಗೀಡು ಮಾಡಿದ್ದು ಯಾವುದನ್ನು ಹೇಳಿ?

ಅವತ್ತು ಒಂಬತ್ತಕ್ಕೆ ಟಿವಿ ಸೀರೆ ಉಟ್ಟಿತು. ಡಬ್ಬಿ ನನ್ನ ಮುಂದೆಯೂ ಬಂತು. ಹಳೆಯ ಫೋನನ್ನೂ ನನ್ನದನ್ನೂ ಎರಡೂ ಕೈಯಿಂದ ತಳದತನಕ ಒತ್ತಿದೆ. ಅಕ್ಕ ಬಾಗಿಲಿಗೆ ಹೋಗಿ ಚಿಲಕದ ಮೇಲೆ ಕೈಯಿಟ್ಟು ತಿರುಗಿ ನೋಡಿದಳು.

"ಎಲ್ಲಾರೂ ಒಳಗ ಅದೀರಿ?"

ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳದೆ ಹೇಳಿದೆ. "ಅದೀನಿ, ಅಕ್ಕಾ."