ಜಿಂಕೆಗೆ ಬೆನ್ನು ಹಾಕುವ ನೌಕರಿ

ಕ್ರೂಕೆಡ್ ಸ್ಪೂನ್ ಎಂಬ ದನಗಾವಲಿನ ರ‍್ಯಾಂಚಿಗೆ ಹೆಣ್ಣು ಪ್ರಾಂಗ್‌ಹಾರ್ನ್ ಜಿಂಕೆಯ ಬೇಟೆಗೆಂದು ಬಂದವರು ತಮಗೆ ತಾವೇ ಮಾರ್ಗದರ್ಶಕರಾಗಿರುತ್ತಾರೆ. ಅವರಿಗೆ ಬೇರೆ ಯಾರೂ ದಾರಿ ತೋರಿಸುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲು ಒಬ್ಬ ನೌಕರನನ್ನು ಅವರ ಜೊತೆಗೇ ಕಳಿಸಲಾಗುತ್ತದೆ. ಇದರಲ್ಲಿ ಆಕ್ಷೇಪಣೆಗೆ ಆಸ್ಪದವಿಲ್ಲ.

ಹಿಂದೆ ಈ ಸುವ್ಯವಸ್ಥೆ ಇರಲಿಲ್ಲ. ಮುದುಕ ಎಮೆಟ್ ಮಾಲೀಕನಾಗಿದ್ದ ಕಾಲದಲ್ಲಿ ಓಪಲ್ ಟ್ರಂಬುಲ್ ಪ್ರತಿ ಅಕ್ಟೋಬರಿನಲ್ಲೂ ಒಂದು ಸೇಬಿನ ಪೈ ಒಯ್ದು ಅವನ ಜಗಲಿಯ ಮೇಲಿಟ್ಟು, ಅವನ ನೆಲದಲ್ಲಿ ಒಂದು ಜಿಂಕೆ ಹೊಡೆದುಕೊಳ್ಳುತ್ತಿದ್ದಳು. ಅವನು "ಗೇಟು ಹೆಂಗಿತ್ತೋ ಹಂಗೇ ಬಿಟ್ಟು ಹೋಗು" ಎನ್ನುತ್ತಿದ್ದ. ಕರಾರೂ ಅದೇ, ರಸೀದಿಯೂ ಅದೇ. ಓಪಲ್ ಊರಿನ ಶಾಲೆಯಲ್ಲಿ ಅಡುಗೆ ಮಾಡುವಾಕೆ. ಗಂಡ ವೆಂಡೆಲ್ ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದ ಮೇಲೆ, ವಯೋಮಿಂಗಿನ ಮುಗಿಯದ ಚಳಿಗಾಲಕ್ಕೆ ಅವರ ಮನೆಯ ಮಾಂಸವೆಂದರೆ ಆ ಒಂದು ಜಿಂಕೆಯೇ. ಗಂಡಿನ ಕೊಂಬು ಗೋಡೆಗೆ, ಹೆಣ್ಣು ಹೊಟ್ಟೆಗೆ ಎಂಬುದು ಅವಳ ಸಿದ್ಧಾಂತ. ಈ ವರ್ಷ ಫ್ರೀಜರಿನಲ್ಲಿ ಮಂಜುಗಡ್ಡೆ ಬಿಟ್ಟರೆ ಬೇರೇನೂ ಇರಲಿಲ್ಲ.

ಎಮೆಟ್ ತೀರಿಕೊಂಡ. ಕ್ಯಾಲಿಫೋರ್ನಿಯಾದಲ್ಲಿ ಹಾಸಿಗೆ ಮಾರಿ ದುಡ್ಡು ಮಾಡಿದ್ದ ಪ್ರೆಸ್ಕಾಟ್ ಎಂಬಾತ ರ‍್ಯಾಂಚನ್ನು ಕೊಂಡು, ಹೊಸ ಟೋಪಿ ಹಾಕಿಕೊಂಡು ಬಂದಿಳಿದ. ಮಾರ್ಗದರ್ಶಕನಿರುವ ಬೇಟೆಗೆ ದೊಡ್ಡ ದರ, ಸ್ವಯಂ ಮಾರ್ಗದರ್ಶನದ ಬೇಟೆಗೆ ಸಣ್ಣ ದರ ಎಂದು ಗೊತ್ತುಮಾಡಿದ. ಸಣ್ಣ ದರ ಕೊಟ್ಟವರು ದೊಡ್ಡ ದರದ ಸೇವೆಯನ್ನು ಕದ್ದು ಅನುಭವಿಸಿಬಿಟ್ಟರೆ ಎಂಬ ಚಿಂತೆ, ಊರಿಗೆಲ್ಲ ಹಾಸಿಗೆ ಮಾರಿದವನ ನಿದ್ದೆಯನ್ನೇ ಕೆಡಿಸಿತು. ಹಾಗಾಗಿ ಎಮೆಟ್‌ನ ಕಾಲದಿಂದ ದನ ಕಾಯುತ್ತಿದ್ದ ಲೈಲ್‌ಗೆ ಪರಿವೀಕ್ಷಕ ಎಂಬ ಹುದ್ದೆ ಕೊಟ್ಟು, ಗೇಟಿಗೆ ಒಂದು ಫಲಕ ನೇತುಹಾಕಲಾಯಿತು. "ಪರಿವೀಕ್ಷಕರು ಮಾತಾಡತಕ್ಕದ್ದಲ್ಲ, ಕೆಮ್ಮತಕ್ಕದ್ದಲ್ಲ, ಬೆರಳು ತೋರತಕ್ಕದ್ದಲ್ಲ ಹಾಗೂ ಜಿಂಕೆಯಿರುವ ದಿಕ್ಕಿಗೆ ನೋಡತಕ್ಕದ್ದಲ್ಲ."

ಸರ್ಕಾರ ಓಪಲ್‌ಗೆ ಒಂದು ಹೆಣ್ಣು ಜಿಂಕೆಯ ಪರವಾನಗಿ ಕೊಟ್ಟಿತ್ತು. ದೇವರು ವರ ಕೊಟ್ಟಾಗಿತ್ತು, ಇನ್ನು ಪೂಜಾರಿಯ ಪಾಳಿ. ಅವಳು ಸಣ್ಣ ದರ ಕಟ್ಟಿ, ಬೇಟೆಯ ಋತುವಿನ ಕೊನೆಯ ಶನಿವಾರ ಕಿತ್ತಳೆ ಅಂಗಿ ತೊಟ್ಟು ಬಂದಳು. ಅಭ್ಯಾಸಬಲದಿಂದ ಪೈ ಕೂಡ ತಂದಿದ್ದಳು. ಪ್ರೆಸ್ಕಾಟ್ ಅದನ್ನು ಸ್ವೀಕರಿಸಿ, ಇದರಿಂದ ದರದಲ್ಲಿ ರಿಯಾಯಿತಿ ಇರುವುದಿಲ್ಲವೆಂದು ತಿಳಿಸಿದ.

ಲೈಲ್ ನಿಯಮನಿಷ್ಠ. ಯಾವ ಜಿಂಕೆ ಯಾವ ತಗ್ಗಿನಲ್ಲಿ ಮಲಗುತ್ತದೆಂದು ಅವನಿಗೆ ಬಾಯಿಪಾಠವಾಗಿದ್ದರಿಂದ ಆ ಕಡೆ ನೋಡದಿರುವುದು ಅವನಿಗೆ ಕಷ್ಟವೇ ಆಗಲಿಲ್ಲ. ಗುಡ್ಡ ಹತ್ತಿದ ಕೂಡಲೇ ಮುಖವನ್ನು ಉತ್ತರಕ್ಕೆ ತಿರುಗಿಸಿಕೊಂಡು ಕಂಬದಂತೆ ನಿಂತ. ಓಪಲ್ ದಕ್ಷಿಣಕ್ಕೆ ನೋಡಿದಳು. ಸೇಜ್ ಪೊದೆಗಳ ನಡುವೆ ಜಿಂಕೆಗಳು ಮೇಯುತ್ತಿದ್ದವು. ಮಕ್ಕಳಿಗೆ ಅನ್ನ ಬಡಿಸಿ ತಲೆ ಹಣ್ಣಾದ ಹೆಂಗಸಿಗೆ ಇಷ್ಟು ಸಾಕು. ಲೈಲ್‌ನ ಬೆನ್ನು ತೋರಿದ ದಿಕ್ಕು ಹಿಡಿದು ಅವಳು ಮಧ್ಯಾಹ್ನದೊಳಗೆ ಒಂದು ಕೊಬ್ಬಿದ ಹೆಣ್ಣಿನ ಸಮೀಪಕ್ಕೆ ತೆವಳಿದ್ದಳು. ಅಷ್ಟರಲ್ಲಿ ಜಗಲಿಯಲ್ಲಿ ದುರ್ಬೀನು ಹಿಡಿದು ಕೂತಿದ್ದ ಪ್ರೆಸ್ಕಾಟ್ ಹಾರ್ನ್ ಬಾರಿಸಿದ. ಜಿಂಕೆ ಓಡಿತು.

ಸಂಜೆ ಹೊಸ ಪ್ರಕಟಣೆ ಹೊರಟಿತು. "ಬೆನ್ನಿಗೂ ಒಂದು ದಿಕ್ಕು ಇರುವುದು ಗಮನಕ್ಕೆ ಬಂದಿರುವುದರಿಂದ, ಇನ್ನು ಮುಂದೆ ಪರಿವೀಕ್ಷಕರ ಕಣ್ಣಿಗೆ ಬಟ್ಟೆ ಕಟ್ಟತಕ್ಕದ್ದು."

ಭಾನುವಾರ ಲೈಲ್ ಕಣ್ಣು ಕಟ್ಟಿಸಿಕೊಂಡು ಪರಿವೀಕ್ಷಣೆಗೆ ಹೊರಟ. ಮೊದಲು ಬೇಲಿಗೆ ಹಾಯ್ದ, ಆಮೇಲೆ ಹಳ್ಳಕ್ಕೆ ಇಳಿದ, ಕೊನೆಗೆ ಒಂದು ಬಿಲದೊಳಗೆ ಮೊಣಕಾಲವರೆಗೂ ಹೋದ. ಅವನನ್ನು ಬಿಟ್ಟು ಮುಂದೆ ಹೋದರೆ ಬೇಟೆ ರದ್ದು. ಓಪಲ್ ಅವನ ಕೈ ಹಿಡಿದುಕೊಂಡಳು.

"ನಾಲ್ಕನೇ ಕ್ಲಾಸಲ್ಲೂ ಹಿಂಗೇ ಎಡವ್ತಿದ್ಯಲ್ಲೋ" ಅಂದಳು.

ನಿಯಮದ ಪ್ರಕಾರ ಲೈಲ್ ಮಾತಾಡಲಿಲ್ಲ. ಕಣ್ಣುಪಟ್ಟಿಯ ಕೆಳಗೆ ನಕ್ಕ. ನಗಬಾರದೆಂದು ಎಲ್ಲೂ ಬರೆದಿರಲಿಲ್ಲ.

ಹೊತ್ತು ಇಳಿಯುವ ವೇಳೆಗೆ ಇಬ್ಬರೂ ಕೈ ಕೈ ಹಿಡಿದು, ಪೊದೆಯಿಂದ ಪೊದೆಗೆ ತೆವಳಿ, ನಿನ್ನೆಯ ಹೆಣ್ಣಿಗೇ ಎದುರಾದರು. ಓಪಲ್ ಬಂದೂಕನ್ನು ಭುಜಕ್ಕೆ ಏರಿಸಿದಳು. ಫ್ರೀಜರು ತುಂಬುವುದು, ವೆಂಡೆಲ್ ಕುರ್ಚಿಯಲ್ಲೇ ಕೂತು ಸಾಸೇಜಿಗೆ ಮಾಂಸ ಕೊಚ್ಚುವುದು ಎಲ್ಲವೂ ಅವಳ ಕಣ್ಣಿಗೆ ಕಟ್ಟಿತ್ತು. ಹಿಂದಿನಿಂದ ಪ್ರೆಸ್ಕಾಟ್‌ನ ಪಿಕಪ್ ಬಂದು ನಿಂತಿತು.

ಅವನು ಬಹಳ ವಿನಯದಿಂದಲೇ ಮಾತಾಡಿದ. ಪರವಾನಗಿಯಿಲ್ಲದೆ ಮಾರ್ಗದರ್ಶನ ಮಾಡುವುದು ಅಪರಾಧವೆಂದು ನೆನಪಿಸಿದ.

"ನಾನ್ಯಾರಿಗೆ ಮಾರ್ಗದರ್ಶನ ಮಾಡಿದೆ? ಬಿಲಕ್ಕೆ ಬೀಳ್ತಿದ್ದ, ಕೈ ಹಿಡ್ಕೊಂಡೆ."

"ಒಬ್ಬರನ್ನ ಕೈ ಹಿಡ್ಕೊಂಡು ಜಿಂಕೆ ಹತ್ರ ಮುಟ್ಸೋದಕ್ಕೆ ಏನಂತಾರೆ ಮೇಡಂ?"

"ಅವನಿಗೆ ಕಣ್ಣೇ ಕಟ್ಟಿದೀರಲ್ಲ."

"ಅದಕ್ಕೇ ನಿಮ್ಮ ಸೇವೆಗೆ ಬೆಲೆ ಇನ್ನೂ ಜಾಸ್ತಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯವನ್ನು ಅವನೇ ಸೂಚಿಸಿದ. ಓಪಲ್ ರ‍್ಯಾಂಚಿನ ನೌಕರಳಾಗಿಬಿಟ್ಟರೆ, ಅವಳು ಮಾಡಿದ್ದು ಅಪರಾಧವಾಗದೆ ಕರ್ತವ್ಯವಾಗುತ್ತದೆ. ಬೆಳಕು ಜಾರುತ್ತಿತ್ತು. ಜಿಂಕೆ ಇನ್ನೂ ಅಲ್ಲೇ ನಿಂತು ಈ ಮಾತುಕತೆಯನ್ನು ಆಲಿಸುತ್ತಿತ್ತು. ಓಪಲ್ ಅವನು ಚಾಚಿದ ಕಾಗದಕ್ಕೆ ಓದದೆ ಸಹಿ ಹಾಕಿ ಮತ್ತೆ ಬಂದೂಕು ಎತ್ತಿದಳು.

ಪ್ರೆಸ್ಕಾಟ್ ಮೆಲ್ಲಗೆ ನಳಿಕೆಯನ್ನು ಕೆಳಗೆ ಒತ್ತಿದ. "ನೌಕರರು ಇಲ್ಲಿ ಬೇಟೆ ಆಡೋ ಹಾಗಿಲ್ಲ ಮೇಡಂ. ಗಿರಾಕಿಗಳಿಗೆ ಅನ್ಯಾಯ ಆಗುತ್ತೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜಿಂಕೆ ಬೇಲಿಯ ಕೆಳಗೆ ನುಸುಳಿ ಊರಿನ ಕಡೆಗೆ ನಡೆಯಿತು. ಸೂರ್ಯ ಮುಳುಗಿದ, ಬೇಟೆಯ ಋತು ಮುಗಿಯಿತು. ಲೈಲ್, "ಈಗ ಕಣ್ಣಿನ ಬಟ್ಟೆ ಬಿಚ್ಚಬಹುದಾ?" ಎಂದು ಕೇಳಿದ. ಬಿಚ್ಚಿ ಓಪಲ್‌ಳ ಮುಖ ನೋಡಿದ ಮೇಲೆ ಮತ್ತೆ ಕಟ್ಟಿಕೊಂಡ.

ಅವಳಿಗೂ ಒಂದು ಕಣ್ಣುಪಟ್ಟಿ ಸಿಕ್ಕಿತು. ಮುಂದಿನ ಋತುವಿನವರೆಗೆ ಜಿಂಕೆಯತ್ತ ನೋಡದಿರುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳತಕ್ಕದ್ದೆಂಬ ಆದೇಶವೂ ಜೊತೆಗಿತ್ತು. ಊರಿನವರು ಅಭಿನಂದಿಸಿದರು. ಶಾಲೆಯ ಮುಖ್ಯೋಪಾಧ್ಯಾಯರು ಇದನ್ನು ಬಡ್ತಿಯೆಂದೇ ಬಣ್ಣಿಸಿದರು.

ನವೆಂಬರಿನ ಒಂದು ಸಂಜೆ ಮೊದಲ ಹಿಮ ಬಿತ್ತು. ಊಟದ ಮೇಜಿನ ಮೇಲೆ ಅವತ್ತೂ ಬೇಯಿಸಿದ ಬೀನ್ಸೇ ಇತ್ತು. ಮೂರನೇ ಚಮಚದ ಹೊತ್ತಿಗೆ ಓಪಲ್ ಎದ್ದು, ಕುರ್ಚಿಯನ್ನು ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ ಕೂತಳು.

ವೆಂಡೆಲ್ ಹೆಂಡತಿಯ ಬೆನ್ನು ನೋಡಿದ. ಕಿಟಕಿ ನೋಡುವ ಅಗತ್ಯ ಬೀಳಲಿಲ್ಲ.

"ದಪ್ಪಗಿದೆಯಾ?" ಎಂದು ಕೇಳಿದ.

"ಹೇಳೋ ಹಾಗಿಲ್ಲ ಕಣೋ" ಅಂದಳು ಓಪಲ್.

ನೌಕರಿಯಲ್ಲಿರುವವಳ ಗಂಡನಿಗೂ ಒಂದು ಜವಾಬ್ದಾರಿ ಇರುತ್ತದೆ. ವೆಂಡೆಲ್ ಗಾಲಿ ಉರುಳಿಸಿ ಅವಳ ಪಕ್ಕಕ್ಕೆ ಬಂದು, ತಾನೂ ಕಿಟಕಿಗೆ ಬೆನ್ನು ಮಾಡಿದ. ಇಬ್ಬರೂ ಗೋಡೆ ನೋಡುತ್ತಾ ಬೀನ್ಸ್ ತಿಂದರು. ಹೊರಗೆ ಹಿತ್ತಲಿನಲ್ಲಿ ಎಲೆಕೋಸು ಜಗಿಯುವ ಸದ್ದು ನಿಧಾನವಾಗಿ, ಆರಾಮವಾಗಿ ಕೇಳಿಬರುತ್ತಿತ್ತು. ಕೇಳಿಸಿಕೊಳ್ಳತಕ್ಕದ್ದಲ್ಲ ಎಂಬ ನಿಯಮ ಇನ್ನೂ ಬಂದಿರಲಿಲ್ಲ.