ಸೋದರಮಾವ ವಿಮಾನದಲ್ಲಿ ಬಂದದ್ದು

ವಿಮಾನದಲ್ಲಿ ಬಂದವರನ್ನು ಕಂಡರೆ ನನಗೆ ಈಗ ಅಸೂಯೆಯಾಗುವುದಿಲ್ಲ, ಮರುಕ ಬರುತ್ತದೆ. ಮೇಲಿರುವಷ್ಟು ಹೊತ್ತು ಏನು ಮರ್ಯಾದೆ, ನೀರು ಬೇಕೇ ಎಂದು ಕೇಳುವವರದು ಏನು ನಗುಮುಖ! ನೆಲಕ್ಕೆ ಕಾಲಿಟ್ಟ ಕೂಡಲೇ ಅವರು ಯಾರಿಗೂ ಬೇಡದವರು. ಈ ಜ್ಞಾನ ನನಗೆ ನನ್ನ ಮೊದಲ ವಿಮಾನ ಪ್ರಯಾಣದಲ್ಲೇ ಬಂತು. ಎರಡನೆಯದು ಇನ್ನೂ ಆಗಿಲ್ಲ. ಆಗುವ ಲಕ್ಷಣವೂ ಇಲ್ಲ.

ನಾನು ಗಣಿ ಯಂತ್ರಗಳ ಮೆಕ್ಯಾನಿಕ್ಕು. ಅಪ್ಪ ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ನಂದಿದುರ್ಗದ ಗಣಿಯಲ್ಲಿ ಇಳಿದು ಹತ್ತಿ ನಮ್ಮನ್ನು ಸಾಕಿದರು. ಅದು ಮುಚ್ಚಿದ ಮೇಲೆ ನಮ್ಮೂರಲ್ಲಿ ಗಣಿ ಕೆಲಸ ಬಲ್ಲವರು ಉಳಿದರು, ಗಣಿ ಉಳಿಯಲಿಲ್ಲ. ಹಾಗಾಗಿ ಅಲ್ಲೇ ಆಂಡರ್ಸನ್‌ಪೇಟೆಯಲ್ಲಿ ಸಂಸಾರ ಇಟ್ಟು, ನಾಗಪುರದ ಕಡೆಯ ಕಲ್ಲಿದ್ದಲು ಗಣಿಗಳಲ್ಲಿ ಯಂತ್ರ ಬಿಚ್ಚಿ ಜೋಡಿಸುತ್ತೇನೆ. ಅಕ್ಕ ಸರೋಜಮ್ಮ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡು ಜೀವನ ಮಾಡುತ್ತಾಳೆ. ಅವಳಿಗೆ ಒಬ್ಬಳೇ ಮಗಳು, ಕಾವ್ಯ. ಭಾವ ತೀರಿಕೊಂಡಾಗ ಆ ಕೂಸಿಗೆ ಇನ್ನೂ ಮಾತು ಬಂದಿರಲಿಲ್ಲ. ಬಂದ ಮೊದಲ ಮಾತೇ ‘ಮಾವ’ ಎಂದು ಅಕ್ಕ ಹೇಳುತ್ತಾಳೆ. ನನ್ನ ಖುಷಿಗೆ ಹೇಳಿದ್ದಿರಬಹುದು, ಆದರೆ ನಾನು ನಂಬಿದ್ದೇನೆ. ಅವಳ ಮದುವೆ ಗೊತ್ತಾದಾಗ ಅಕ್ಕ ನನಗೆ ವಹಿಸಿದ್ದು ಒಂದೇ ಕೆಲಸ. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅಷ್ಟನ್ನು ನಾನು ಮಾಡಬೇಕಿತ್ತು.

ನಮ್ಮ ಸೂಪರ್‌ವೈಸರ್ ರಜೆ ಕೊಟ್ಟದ್ದು ಮದುವೆಯ ಹಿಂದಿನ ದಿನ ಸಂಜೆ. ರೈಲಿಗೆ ಹೊತ್ತು ಸಾಲದು. ಗೆಳೆಯರೆಲ್ಲ ಸೇರಿ ಬೆಳಗಿನ ವಿಮಾನ ಹತ್ತಿಸಿದರು. ಮುಹೂರ್ತ ಮಧ್ಯಾಹ್ನದ ಹೊತ್ತಿಗೆ. ನಾನು ತಿಂಡಿ ಹೊತ್ತಿಗೇ ದೇವನಹಳ್ಳಿಯಲ್ಲಿ ಇಳಿದಿದ್ದೆ. ಕರೆದುಕೊಂಡು ಹೋಗಲು ಚಿಕ್ಕಪ್ಪನ ಮಗ ಮುನಿರಾಜ ಕಾರು ತರುವುದಾಗಿ ಮಾತಾಗಿತ್ತು. ಬಂಗಾರಪೇಟೆಯಲ್ಲಿ ಅವನದು ಫ್ಲೆಕ್ಸ್ ಅಂಗಡಿ. ಯಾರ ಮದುವೆಯ ಬ್ಯಾನರ್ ಮಾಡಿದರೂ ಮೂಲೆಯಲ್ಲಿ ಕೈಮುಗಿದು ನಿಂತ ತನ್ನ ಫೋಟೋ ಸೇರಿಸುವವನು. ಇಳಿದ ಕೂಡಲೇ ಫೋನ್ ಮಾಡಿದೆ.

“ಅಣ್ಣಾ, ನಾನು ಬರೋಕಾಗಲ್ಲ ಕಣಣ್ಣ. ಉಡುಗೀನ ಛತ್ರಕ್ಕೆ ಕರ್ಕೊಂಡ್ ಓಗೋಕೆ ನನ್ ಕಾರೇ ಬೇಕಂತೆ. ನೀನು ಟ್ಯಾಕ್ಸಿ ಇಡ್ಕೊಂಡು ಬಂದ್ಬಿಡು. ಇಮಾನದಲ್ಲಿ ಬಂದೋನ್ಗೆ ಇದೇನು ದೊಡ್ದಾ?”

ದೊಡ್ಡದೇ ಆಗಿತ್ತು. ಮೊದಲಿಗೆ ಲಗೇಜಿನ ಬೆಲ್ಟು. ಎಲ್ಲರ ಸೂಟ್‌ಕೇಸುಗಳೂ ಬಂದು ಹೋದವು. ನಾನು ತಂದಿದ್ದ ಕಿತ್ತಳೆ ಹಣ್ಣಿನ ಪೆಟ್ಟಿಗೆ ಮಾತ್ರ ಕಾಣಲಿಲ್ಲ. ಅಷ್ಟರಲ್ಲಿ ಅಕ್ಕನ ಫೋನು. “ಎಲ್ಲಿದ್ದೀಯಲಾ?” ಎಂದಳು. ಅವಳ ದನಿಯಲ್ಲಿದ್ದ ಗಾಬರಿ ಕೇಳಿ, ಸಮಾಧಾನವಾಗಲಿ ಎಂದು “ಹೊಸಕೋಟೆ ಅಕ್ಕ” ಎಂದುಬಿಟ್ಟೆ. ಹಿಂದೆ ಧ್ವನಿವರ್ಧಕದಲ್ಲಿ ದೆಹಲಿ ವಿಮಾನದ ಘೋಷಣೆ ಕೇಳುತ್ತಿತ್ತು. “ಹೊಸಕೋಟೇಲಿ ಏನ್ಲಾ ಅಷ್ಟ್ ಗಲಾಟೆ?” ಎಂದಳು. ಸಂತೆ ಎಂದೆ. ಎಲ್ಲರೂ ಹೋದ ಮೇಲೆ ನನ್ನ ಪೆಟ್ಟಿಗೆ ಒಂದೇ ಉರುಳಿಕೊಂಡು ಬಂತು.

ಹೊರಗೆ ಬಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಸಿಟಿಯಲ್ಲಿ ಎಲ್ಲಿ ಸಾರ್?” ಬಂಗಾರಪೇಟೆ ಎಂದರೆ ಮುಖ ತಿರುಗುತ್ತಿತ್ತು. ಫೋನಿನ ಆ್ಯಪ್‌ನಲ್ಲಿ ಒಬ್ಬ ಒಪ್ಪಿಕೊಂಡ, ಊರಿನ ಹೆಸರು ಕೇಳಿ ಕೈಬಿಟ್ಟ. ಇನ್ನೊಬ್ಬ ಕೇಳದೆಯೇ ಕೈಬಿಟ್ಟ. ಬಸ್ಸಿನ ಹತ್ತಿರ ನಿಂತಿದ್ದ ಒಬ್ಬರು ಕರುಣೆಯಿಂದ, “ಮೊದಲು ಮೆಜೆಸ್ಟಿಕ್ಕಿಗೆ ಹೋಗಿ ಸ್ವಾಮಿ, ಅಲ್ಲಿಂದ ರೈಲು ಸಿಗತ್ತೆ” ಎಂದರು. ನನ್ನ ಮನೆ ಇರುವುದು ಪೂರ್ವಕ್ಕೆ. ಅಲ್ಲಿಗೆ ಹೋಗಲು ಮೊದಲು ಬೆಂಗಳೂರಿನ ಹೊಟ್ಟೆಯೊಳಕ್ಕೆ ಇಳಿದು, ಅಲ್ಲಿನ ಟ್ರಾಫಿಕ್ಕಿಗೆ ನಮಸ್ಕಾರ ಹಾಕಿ ಬರಬೇಕಂತೆ. ನಮ್ಮ ಚಿನ್ನವನ್ನೂ ಹೀಗೇ ಎಲ್ಲೆಲ್ಲಿಗೋ ಸಾಗಿಸಿದರಲ್ಲ, ಆಗ ದಾರಿ ಸಲೀಸಾಗಿ ಸಿಕ್ಕಿತ್ತು, ಈಗ ಮನುಷ್ಯ ವಾಪಸು ಹೋಗುತ್ತೇನೆಂದರೆ ದಾರಿಯಿಲ್ಲ. ಸಿಟ್ಟಿನಿಂದ ಪೆಟ್ಟಿಗೆಯ ಮೇಲೆ ಕೂತೆ. ಕೆಳಗೆ ಒಂದು ಕಿತ್ತಳೆ ಒಡೆಯಿತು.

ಕೊನೆಗೆ ಮುಳಬಾಗಿಲು ಕಡೆಯ ಡ್ರೈವರ್ ಒಬ್ಬ ಸಿಕ್ಕಿದ. “ಬನ್ನಿ ಸಾರ್, ನಮ್ ಕಡೆಯೋರು” ಎಂದಾಗ ಅವನನ್ನು ತಬ್ಬಿಕೊಳ್ಳುವಂತಾಯಿತು. ದೇವನಹಳ್ಳಿ ದಾಟಿತು, ಸೂಲಿಬೆಲೆ ಕಳೆಯಿತು. ಸಮಾಧಾನದಿಂದ ಕಣ್ಣುಮುಚ್ಚುವಷ್ಟರಲ್ಲಿ ಗಾಡಿ ನಿಂತಿತು. “ಗ್ಯಾಸ್ ಆಕ್ಸ್‌ಬೇಕು ಸಾರ್, ಐದೇ ನಿಮಿಷ.” ಕಣ್ಣು ಬಿಟ್ಟು ನೋಡಿದರೆ ನಮ್ಮ ಮುಂದೆ ಆಟೋ, ಕಾರುಗಳ ಸಾಲು ರಸ್ತೆ ತಿರುವಿನಲ್ಲಿ ಮರೆಯಾಗಿತ್ತು. “ಇಲ್ಲದಿದ್ರೆ ಕೋಲಾರ ಮುಟ್ಟಲ್ಲ ಸಾರ್” ಎಂದ. ನಾನು ಯಂತ್ರ ರಿಪೇರಿಯವನು; ಖಾಲಿ ಟ್ಯಾಂಕಿನ ಗಾಡಿಗೆ ಬೈದು ಪ್ರಯೋಜನವಿಲ್ಲವೆಂದು ಗೊತ್ತು. ಆದರೂ ಬೈದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ, ಕೆಳಗಿಳಿದು ಟೀ ಕುಡಿಯಲು ಹೋದ.

ಸಾಲು ಅಂಗುಲ ಅಂಗುಲ ಸರಿಯಿತು. ಅಕ್ಕನ ಫೋನು ಮತ್ತೆ ಮತ್ತೆ ಬಂತು, ನಾನು ಎತ್ತಲಿಲ್ಲ. ಗ್ಯಾಸ್ ತುಂಬಿಸಿಕೊಂಡು ನಿಜವಾಗಿಯೂ ಹೊಸಕೋಟೆ ತಲುಪಿದಾಗ ಎತ್ತಿದೆ.

“ಎಲ್ಲಿದ್ದೀಯಲಾ?”

“ಹೊಸಕೋಟೆ ಅಕ್ಕ.”

“ಇನ್ನೂ ಸಂತೇಲೇ ಇದ್ದೀಯಾ?” ಎಂದಳು. ಆಮೇಲೆ ದನಿ ಕುಗ್ಗಿತು. “ಉಡುಗಿ ಅಳ್ತಾ ಅವ್ಳೆ. ಮಾವ ಬರ್ದೆ ಏಳಲ್ಲ ಅಂತ ಕುಂತವ್ಳೆ. ಪುರೋಹಿತ್ರು ಬೈತಾವ್ರೆ. ಏನ್ಲಾ ಮಾಡ್ಲಿ?”

ಕಾಯಿ ಎನ್ನಬೇಕೆಂದು ಬಾಯಿ ತೆರೆದೆ. ಮಾಲೂರು ಕಡೆಯಿಂದ ಬಂದ ಬೀಗರು ನೆನಪಾದರು, ತಂದೆಯಿಲ್ಲದ ಹುಡುಗಿಯ ಮದುವೆಯಲ್ಲಿ ಮುಹೂರ್ತವೂ ಮೀರಿತೆಂದು ಆಡಿಕೊಳ್ಳುವ ಬಾಯಿಗಳು ನೆನಪಾದವು. “ಮುನಿರಾಜನ ಕೈಲಿ ಕರ್ಕೊಂಡು ಹೋಗ್ಸು ಅಕ್ಕ” ಎಂದೆ. ಫೋನಿಟ್ಟ ಮೇಲೆ ಕೋಲಾರದವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತೆ. ಡ್ರೈವರ್ ಎಫ್‌ಎಂ ಹಾಕಲು ಕೈಯೆತ್ತಿದವನು ಕನ್ನಡಿಯಲ್ಲಿ ನನ್ನನ್ನು ನೋಡಿ ಕೈ ಇಳಿಸಿದ.

ಛತ್ರ ಮುಟ್ಟಿದಾಗ ಎರಡನೆಯ ಪಂಕ್ತಿ ಏಳುತ್ತಿತ್ತು. ಬಾಗಿಲಲ್ಲೇ ಮುನಿರಾಜ ನಿಂತಿದ್ದ. ಸೋದರಮಾವನಿಗೆಂದು ತಂದಿದ್ದ ಜರಿ ಪಂಚೆ ಅವನ ಸೊಂಟದಲ್ಲಿ, ಶಲ್ಯ ಹೆಗಲಲ್ಲಿ. “ಏನಣ್ಣಾ, ಈಗ್ ಬಂದ್ಯಾ!” ಎಂದು ನನ್ನನ್ನೇ ಅತಿಥಿಯಂತೆ ಒಳಗೆ ಕರೆದ. ಕಾವ್ಯ ವೇದಿಕೆಯಿಂದ ಇಳಿದು ಬಂದು ನನ್ನ ಕೈ ಹಿಡಿದುಕೊಂಡಳು. “ನೀನು ಬರ್ದೆ ನಾನು ಏಳ್ತಿರ್ಲಿಲ್ಲ ಮಾವ. ನೀನೇ ಏಳ್ಸು ಅಂದ್ಯಂತೆ, ಅದಕ್ಕೇ ಎದ್ದೆ” ಎಂದಳು. ಅವಳ ಕೈ ಹಿಡಿದು ಮತ್ತೆ ಗಂಡನ ಪಕ್ಕಕ್ಕೆ ಬಿಟ್ಟು ಬಂದೆ. ಅಷ್ಟು ದೂರವಾದರೂ ಸಿಕ್ಕಿತು.

ಊಟಕ್ಕೆ ಕೂತಾಗ ನೆಂಟರೆಲ್ಲ ಸುತ್ತುವರಿದರು. ಯಾಕೆ ತಡವಾಯಿತೆಂದು ಒಬ್ಬರೂ ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ವಿಮಾನ. “ಮೇಲಿಂದ ನಮ್ಮೂರು ಕಾಣ್ತದಾ?” ಎಂದು ಚಿಕ್ಕಪ್ಪ ಕೇಳಿದರು. ನನಗೆ ಸಿಕ್ಕಿದ್ದು ನಡುವಿನ ಸೀಟು. ಕಂಡದ್ದು ಮುಂದಿನವರ ನೆತ್ತಿ. ಆದರೆ ಬೆಳಗಿನಿಂದ ಯಾರೂ ನನ್ನನ್ನು ಅಷ್ಟು ಪ್ರೀತಿಯಿಂದ ಮಾತಾಡಿಸಿರಲಿಲ್ಲ. “ಕಾಣದೆ ಏನು! ನಮ್ಮ ಗಣಿ ಮಣ್ಣಿನ ಸೈನೈಡ್ ದಿಬ್ಬಗಳು ಹಪ್ಪಳ ಒಣಗಹಾಕಿದ ಹಾಗೆ, ಬಂಗಾರಪೇಟೆ ಸ್ಟೇಷನ್ನು, ಈ ಛತ್ರದ ಶಾಮಿಯಾನ, ಎಲ್ಲ ಕಾಣ್ತು” ಎಂದು ಶುರುಮಾಡಿದೆ. ಸಿಟ್ಟು, ಸಂಕಟ ಎಲ್ಲಿ ಹೋದವೋ. ಅವರನ್ನೆಲ್ಲ ಮೋಡದ ಮೇಲೆ ಅರ್ಧ ತಾಸು ಹಾರಿಸಿದೆ.

ಅಕ್ಕ ಅನ್ನದ ಪಾತ್ರೆ ಹಿಡಿದು ನನ್ನ ಎಲೆಯ ಮುಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

“ಛತ್ರ ಅಷ್ಟು ಚೆನ್ನಾಗಿ ಕಾಣ್ತಿತ್ತಾ?” ಎಂದು ಅನ್ನ ಬಡಿಸಿದಳು. “ಅಲ್ಲೇ ಧುಮುಕಿಬಿಡೋದಲ್ವೇನ್ಲಾ?”