ರೇಣುಕಯ್ಯನ ಅಕ್ಷರ ಓದಿದ ಯಂತ್ರ

ಸೋಮವಾರ ಬೆಳಿಗ್ಗೆ ರೇಣುಕಯ್ಯ ಕಚೇರಿಗೆ ಬಂದಾಗ ಅವನ ಮೇಜಿನ ಮೇಲೆ ಕುತ್ತಿಗೆ ಬಗ್ಗಿಸಿದ ಕೊಕ್ಕರೆಯಂಥದ್ದೊಂದು ನಿಂತಿತ್ತು. ಕೊಕ್ಕಿನ ತುದಿಯಲ್ಲಿ ಪುಟ್ಟ ಕ್ಯಾಮೆರಾ. ಬುಡದಿಂದ ಹೊರಟ ತಂತಿ ಪಕ್ಕದ ಕಂಪ್ಯೂಟರಿಗೆ ಸೇರಿತ್ತು. ಹತ್ತೊಂಬತ್ತು ವರ್ಷದಿಂದ ಅವನು ಊಟದ ಡಬ್ಬಿ ಇಡುತ್ತಿದ್ದ ಜಾಗ ಅದು.

"ಇದನ್ಯಾರು ಇಲ್ಲಿ ಇಟ್ಟಿದ್ದು?" ಎಂದ.

"ನಾನೇ ಅಂಕಲ್," ಎಂದಳು ತರನ್ನುಮ್. ಯಜಮಾನ ಕರೀಮ್ ಸಾಬರ ಕಿರಿಯ ಸೊಸೆ. ಬಿ.ಕಾಂ. ಓದಿದವಳು. "ಯುರೋಪಿನ ಏಜೆಂಟರು ಕಳಿಸಿದ್ದು. ಇನ್ಮೇಲೆ ಅಲ್ಲಿನ ಕಸ್ಟಮ್ಸ್ ಕಾಗದ ಎಲ್ಲ ಇದೇ ಮಾಡುತ್ತೆ, ಅವರಿಗೂ ವರದಿ ಕಳಿಸುತ್ತೆ. ನೀವು ಬರೆದಿರೋ ಹಾಳೆ ಇದರ ಕೆಳಗೆ ಇಟ್ರೆ ಸಾಕು."

ರೇಣುಕಯ್ಯನ ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು.

ಶಿರಾದಿಂದ ಬಡವನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಕರೀಮ್ ಸಾಬರ ಹುಣಸೆಹಣ್ಣಿನ ಗೋದಾಮು. ನಿಡುಗಲ್ಲಿನಿಂದ, ತೋವಿನಕೆರೆಯಿಂದ ಲಾರಿಗಳಲ್ಲಿ ಹಣ್ಣು ಬರುತ್ತದೆ. ಹೆಂಗಸರು ಕೂತು ಬೀಜ, ನಾರು ತೆಗೆಯುತ್ತಾರೆ. ಆಮೇಲೆ ಅದು ಪೆಟ್ಟಿಗೆ ಸೇರಿ, ಕಂಟೇನರ್ ಸೇರಿ, ಚೆನ್ನೈನಲ್ಲಿ ಹಡಗು ಹತ್ತಿ ರಾಟರ್‌ಡ್ಯಾಮ್ ಎಂಬ ಬಂದರಿಗೆ ಹೋಗುತ್ತದೆ. ಯಾವ ಚೀಲ ಯಾವ ಊರಿನದು, ಎಷ್ಟು ಪೆಟ್ಟಿಗೆ, ಎಷ್ಟು ತೂಕ ಎಂಬ ಲೋಡಿಂಗ್ ಪಟ್ಟಿಯನ್ನು ಕನ್ನಡದಲ್ಲಿ ಬರೆಯುವವನು ರೇಣುಕಯ್ಯ. ಅದನ್ನು ನೋಡಿಕೊಂಡು ಇಂಗ್ಲಿಷಿನಲ್ಲಿ ಕಾಗದ ತಯಾರಿಸುವವನೂ ಅವನೇ. ಯಾಕೆಂದರೆ ಅವನ ಅಕ್ಷರವನ್ನು ಅವನೊಬ್ಬನಲ್ಲದೆ ಭೂಮಿಯ ಮೇಲೆ ಇನ್ಯಾರೂ ಓದಲಾರರು. ಹುಣಸೆಹಣ್ಣಿನಿಂದ ಕಿತ್ತ ನಾರನ್ನು ಸಾಲಾಗಿ ಕಾಗದಕ್ಕೆ ಅಂಟಿಸಿದ ಹಾಗಿರುತ್ತಿತ್ತು. ಅವನು ಜ್ವರ ಬಂದು ಮಲಗಿದರೆ ಕಂಟೇನರೂ ಮಲಗುತ್ತಿತ್ತು. ಕರೀಮ್ ಸಾಬರೇ ಮನೆಗೆ ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ಬಂದು, "ಜಲ್ದಿ ವಾಸಿ ಆಗಪ್ಪ, ಹಡಗು ಕಾಯ್ತಾ ಇದೆ," ಎನ್ನುತ್ತಿದ್ದರು. ಅವನ ಕೆಲಸ ಗಟ್ಟಿಯಾಗಿ ನಿಂತದ್ದೇ ಆ ಅಕ್ಷರದ ಮೇಲೆ.

"ಹೋದ ತಿಂಗಳು ಹೊರಟ ಹಡಗು ನಾಳೆ ಅಲ್ಲಿ ಮುಟ್ಟುತ್ತೆ," ಎಂದಳು ತರನ್ನುಮ್. "ಇವತ್ತೇ ಅಲ್ಲಿನ ಕಸ್ಟಮ್ಸಿನವರು ಕಾಗದ ಒಪ್ಪಬೇಕು. ಹೋದ ವರ್ಷ ಹನ್ನೊಂದು ದಿನ ಕಂಟೇನರ್ ಬಂದರಲ್ಲೇ ಕೂತಿತ್ತಲ್ಲ, ಹಂಗಾಗಬಾರದು."

"ಇದು ನನ್ನ ಅಕ್ಷರ ಓದ್ತದಾ ತಾಯಿ?" ರೇಣುಕಯ್ಯನಿಗೆ ನಗು ಬಂತು. "ಓದ್ಲಿ ಬುಡು, ನೋಡಾನ."

ಅವಳು ಆ ಹಡಗಿನ ಪಟ್ಟಿಯ ಮೊದಲ ಹಾಳೆಯನ್ನು ಕೊಕ್ಕರೆಯ ಕೆಳಗೆ ಇಟ್ಟಳು. ಕ್ಯಾಮೆರಾದ ಕಣ್ಣು ಒಮ್ಮೆ ಮಿನುಗಿತು. ರೇಣುಕಯ್ಯ ಕನ್ನಡಕ ಒರೆಸಿಕೊಂಡು ಮುಖಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಸಾಲು ಸಾಲಾಗಿ, ಮುತ್ತು ಪೋಣಿಸಿದ ಹಾಗೆ, ಅವನು ಬರೆದದ್ದೆಲ್ಲ ಬಂದಿತ್ತು. 'ನಿಡುಗಲ್ಲು, ನಲವತ್ತೆರಡು ಚೀಲ, ಬೀಜ ತೆಗೆದದ್ದು. ತೋವಿನಕೆರೆ, ಮೂವತ್ತೊಂದು ಚೀಲ, ಸ್ವಲ್ಪ ಕಪ್ಪು.' ಪಕ್ಕದಲ್ಲಿ ಯುರೋಪಿನ ಕಸ್ಟಮ್ಸಿನ ನಮೂನೆ ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳತೊಡಗಿತು. ಒಂದು ಖಾನೆ, ಎರಡು ಖಾನೆ, ಹತ್ತು ಖಾನೆ. ಹುಣಸೆಹಣ್ಣಿಗೆ ಸೇರಬೇಕಾದ ಹತ್ತಂಕಿಯ ಕೋಡ್ ನಂಬರು, ಯಾವುದಕ್ಕಾಗಿ ರೇಣುಕಯ್ಯ ಒಂದು ಇಡೀ ಬೆಳಿಗ್ಗೆ ಪುಸ್ತಕ ತಿರುವುತ್ತಿದ್ದನೋ ಅದು, ಕಣ್ಣು ಮಿಟುಕಿಸುವುದರೊಳಗೆ ಬಂದು ಕೂತಿತು.

ರೇಣುಕಯ್ಯನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಬೆರಗು. ಅವನ ಹೆಂಡತಿ ಮದುವೆಯಾದ ಹೊಸತರಲ್ಲಿ ಅವನು ಬರೆದ ಕಾಗದವನ್ನು ತಲೆಕೆಳಗು ಹಿಡಿದು ನೋಡಿ, ಅದರಲ್ಲಿ ಬೆಂಕಿಪೊಟ್ಟಣ ಸುತ್ತಿಟ್ಟಿದ್ದಳು. ಇಷ್ಟು ವರ್ಷಗಳಲ್ಲಿ ಅವನ ಬರಹಕ್ಕೆ ಸಿಕ್ಕ ಮೊದಲ ಓದುಗ ಈ ಕೊಕ್ಕರೆ.

"ಮಾಶಾಅಲ್ಲಾ!" ಬಾಗಿಲಲ್ಲಿ ನಿಂತಿದ್ದ ಕರೀಮ್ ಸಾಬರು ಎದೆಯ ಮೇಲೆ ಕೈ ಇಟ್ಟುಕೊಂಡರು. "ರೇಣುಕಯ್ಯ, ನಿನ್ನ ಅಕ್ಷರ ಓದಿದ್ಮೇಲೆ ಇದು ಏನ್ ಬೇಕಾದ್ರೂ ಓದುತ್ತೆ ಬಿಡಪ್ಪ!"

ಸಾಬರು ಖುಷಿಯಿಂದ ಹೇಳಿದರು. ರೇಣುಕಯ್ಯನಿಗೆ ಅದು ನಾಳೆಯಿಂದ ಬರಬೇಡ ಎಂದ ಹಾಗೆ ಕೇಳಿಸಿತು.

"ಚಹಾ ಕುಡಿದು ಎರಡನೇ ಹಾಳೆ ಇಡೋಣ," ಎಂದು ತರನ್ನುಮ್ ಎದ್ದಳು. ರೇಣುಕಯ್ಯ ಎರಡನೇ ಹಾಳೆಯನ್ನು ಜೇಬಿಗೆ ಸೇರಿಸಿಕೊಂಡು ನೇರ ವೇಬ್ರಿಡ್ಜಿಗೆ ಓಡಿದ. ಗೋದಾಮಿನ ಗೇಟಿನ ಪಕ್ಕ ಲಾರಿ ತೂಗುವ ವೇಬ್ರಿಡ್ಜು. ಅದರ ಗೂಡಿನಂಥ ಕೋಣೆಯಲ್ಲಿ ಕೂತು ಚೀಟಿ ಕೊಡುವವನು ದೇವರಾಜು. ಊರಿಗೆಲ್ಲ ಪುಕ್ಕಟೆ ಸಲಹೆ ಕೊಡುವವನೂ ಅವನೇ.

"ಲೇ ದೇವ, ಮುಗೀತು ಕಣ್ಲಾ ನನ್ನ ಕತೆ. ಆ ಯಂತ್ರ ನನ್ನ ಅಕ್ಷರ ಓದ್ಬುಡ್ತು!"

ದೇವರಾಜು ತಲೆ ಕೆರೆದುಕೊಂಡ. "ಓದ್ಲಿ ಬುಡು ರೇಣುಕಣ್ಣ. ಓದಾದು ಬೇರೆ, ತಿಳ್ಕಳಾದು ಬೇರೆ. ಇದ್ರಾಗೆ ತೂಕ ಎಷ್ಟೈತೆ? ಹದಿನೆಂಟು ಸಾವಿರದ ನಾನೂರು ಕೆ.ಜಿ. ಆ ಇಂಗ್ಲಿಷ್ ಒಂದಕ್ಕೆ ಮೇಲೊಂದು ಗೀಟು ಎಳಿ. ಏಳಾಯ್ತದೆ. ಅದು ಗಿಣಿ ಹಂಗೆ ಎಪ್ಪತ್ತೆಂಟು ಸಾವಿರ ಅಂತ ಒಪ್ಪಿಸ್ತದೆ. ಆಗ ನೀನು ಎದ್ದು, 'ನೋಡಿ ಸಾಹೇಬ್ರೆ, ಯಂತ್ರ ಹೆಂಗೆ ಎಡವ್ತು' ಅನ್ನು. ಸಾಬರು ಇವತ್ತೇ ಅದನ್ನ ಗುಜರಿಗೆ ಹಾಕ್ತಾರೆ."

"ತಪ್ಪಲ್ವೇನ್ಲಾ?"

"ಗೀಟು ಕಣಣ್ಣ, ಒಂದು ಗೀಟು!"

ಹತ್ತೊಂಬತ್ತು ವರ್ಷದಲ್ಲಿ ಒಂದು ಅಂಕಿಯನ್ನೂ ತಪ್ಪು ಬರೆಯದ ಕೈ ಅದು. ಜೇಬಿನಿಂದ ನೀಲಿ ಪೆನ್ನು ತೆಗೆದು ಗೀಟು ಎಳೆಯಿತು.

ಅವನು ವಾಪಸು ಬರುವಷ್ಟರಲ್ಲಿ ಯಂತ್ರದ ಸುದ್ದಿ ಗೋದಾಮು ತುಂಬಿತ್ತು. ಬೀಜ ತೆಗೆಯುವ ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಿಟಕಿಗೆ ಮುತ್ತಿದ್ದರು. ಅವರ ಮುಂದಾಳು ಅಮೀರುನ್ನೀಸಾ ಬೂವಮ್ಮ ಒಳಗೇ ಬಂದು ಸ್ಟೂಲು ಹಿಡಿದು ಕೂತಿದ್ದಳು. ನಿಡುಗಲ್ಲಿನಿಂದ ಲೋಡು ತಂದಿದ್ದ, ಅರೆ ತೆಲುಗು ಮಾತಾಡುವ ಪಾವಗಡದ ಡ್ರೈವರ್ ಕದರಪ್ಪ, ದೇವರ ಮುಂದೆ ನಿಂತ ಹಾಗೆ ಚಪ್ಪಲಿ ಹೊರಗೆ ಬಿಟ್ಟು ನಿಂತಿದ್ದ.

ಎರಡನೇ ಹಾಳೆ, ಜೊತೆಗೆ ಫೈಲಿನಲ್ಲಿದ್ದ ವೇಬ್ರಿಡ್ಜ್ ಚೀಟಿ, ಕೊಕ್ಕರೆಯ ಕೆಳಗೆ ಹೋದವು. ಕಣ್ಣು ಮಿನುಗಿತು. ಖಾನೆಗಳು ಸರಸರ ತುಂಬಿದವು. ತೂಕದ ಖಾನೆಗೆ ಬಂದು ಯಂತ್ರ ನಿಂತಿತು. ರೇಣುಕಯ್ಯ 'ನೋಡಿ ಸಾಹೇಬ್ರೆ' ಎಂದು ಬಾಯಿ ತೆರೆದ.

ಪರದೆಯ ಮೇಲೆ ಮೂಡಿದ್ದನ್ನು ತರನ್ನುಮ್ ಗಟ್ಟಿಯಾಗಿ ಓದಿದಳು: "'ಪಟ್ಟಿಯಲ್ಲಿ ಎಪ್ಪತ್ತೆಂಟು ಸಾವಿರದ ನಾನೂರು ಎಂದಿದೆ. ಒಂದು ಕಂಟೇನರ್ ಇಷ್ಟು ಭಾರ ಹೊರಲಾರದು. ವೇಬ್ರಿಡ್ಜ್ ಚೀಟಿಯಲ್ಲಿ ಹದಿನೆಂಟು ಸಾವಿರದ ನಾನೂರು ಎಂದಿದೆ. ಏಳರ ಮೇಲಿನ ಗೀಟಿನ ಶಾಯಿ ಬೇರೆ ಬಣ್ಣದ್ದು. ಯಾರಾದರೂ ತಿದ್ದಿದ್ದಾರೆಯೇ?'"

"ಅಬ್ಬಬ್ಬ! ಏಮಿ ಯಂತ್ರ ಸ್ವಾಮಿ ಇದಿ!" ಕದರಪ್ಪ ಕೈಯೆತ್ತಿ ಮುಗಿದ. "ಶಾಯೀನ ಸಹಾ ಕಂಡುಹಿಡೀತದಾ!"

ಎಲ್ಲರ ಕಣ್ಣೂ ರೇಣುಕಯ್ಯನ ಜೇಬಿನಲ್ಲಿದ್ದ ನೀಲಿ ಪೆನ್ನಿನ ಮೇಲೆ ಬಿದ್ದವು.

"ಕೈ... ಕೈ ತಪ್ತು ತಾಯಿ," ಎಂದ ರೇಣುಕಯ್ಯ. ಹಣೆಯಿಂದ ಇಳಿದ ಬೆವರು ಕನ್ನಡಕದ ಗಾಜಿಗೆ ಬಿತ್ತು.

ತರನ್ನುಮ್ ಸುಳ್ಳು ಬರೆಯುವ ಹುಡುಗಿಯಲ್ಲ. 'ಪಟ್ಟಿ ಬರೆದವರೇ ಇವತ್ತು ಬೆಳಿಗ್ಗೆ ತಿದ್ದಿದ್ದಾರೆ, ಚೀಟಿಯಲ್ಲಿರುವ ತೂಕವೇ ಸರಿ' ಎಂದು ಉತ್ತರ ಒತ್ತಿದಳು. ಯಂತ್ರ ಒಪ್ಪಿಕೊಂಡಿತು. ಆದರೆ ಸುಮ್ಮನಾಗಲಿಲ್ಲ. ಹೊಸದೊಂದು ಪ್ರಶ್ನೆ ಮೂಡಿತು. ತರನ್ನುಮ್ ಓದುತ್ತ ಓದುತ್ತ ದನಿ ತಗ್ಗಿಸಿದಳು.

"'ಹಾಳೆಯ ಅಂಚಿನಲ್ಲಿ ಒಂದು ವಾಕ್ಯವಿದೆ. 'ಸಾಹೇಬರು ಇವತ್ತು ಬೀಜ ತೆಗೆಯದ ಹುಣಸೆ, ಅಗಿದರೆ ಹಲ್ಲು ಮುರಿಯುತ್ತದೆ.' ಇದನ್ನು ಸರಕಿನ ವಿವರಕ್ಕೆ ಸೇರಿಸಬೇಕೆ?'"

ಕರೀಮ್ ಸಾಬರು ಕುರ್ಚಿ ಎಳೆದುಕೊಂಡು ಕೂತರು.

ಯಾರೂ ಓದಲಾರರೆಂಬ ಧೈರ್ಯದಲ್ಲಿ ರೇಣುಕಯ್ಯ ಹತ್ತೊಂಬತ್ತು ವರ್ಷ ಪಟ್ಟಿಗಳ ಅಂಚಿನಲ್ಲಿ ಮನಸ್ಸಿಗೆ ತೋಚಿದ್ದೆಲ್ಲ ಬರೆದುಕೊಂಡು ಬಂದಿದ್ದ. ಕೆಲವರು ಹೊಟ್ಟೆಯೊಳಗಿನದನ್ನು ಹೆಂಡತಿಗೆ ಹೇಳುತ್ತಾರೆ, ಕೆಲವರು ಅರಳಿಕಟ್ಟೆಯಲ್ಲಿ ಹೇಳುತ್ತಾರೆ. ಅವನು ಲೋಡಿಂಗ್ ಪಟ್ಟಿಗೆ ಹೇಳಿದ್ದ.

ಮೊದಲು ಬಾಯಿ ಬಿಟ್ಟವಳು ಅಮೀರುನ್ನೀಸಾ. "ಯಾ ಅಲ್ಲಾ, ಸಾಬರನ್ನೇ ಬಿಟ್ಟಿಲ್ಲ ಅಂದ್ರೆ ನಮ್ಮನ್ನ ಬಿಟ್ಟಿರ್ತಾನಾ? ತರನ್ನುಮ್ ಬೇಟಿ, ಆ ಹಳೇ ಫೈಲು ತೆಗಿ! ನನ್ನ ಬಗ್ಗೆ ಏನ್ ಬರ್ದವ್ನೆ ನೋಡು!"

"ಬ್ಯಾಡ ಬೂವಮ್ಮ, ಅವೆಲ್ಲ ಹಳೇ ಕಾಗದ, ಗೆದ್ದಲು ತಿಂದವೆ," ಎಂದು ರೇಣುಕಯ್ಯ ಬೀರುವಿಗೆ ಅಡ್ಡ ನಿಂತ. ನಾಲ್ಕು ಹೆಂಗಸರು ಅವನನ್ನು ಹುಣಸೆ ಮೂಟೆಯ ಹಾಗೆ ಪಕ್ಕಕ್ಕೆ ಸರಿಸಿದರು.

ಆಮೇಲೆ ನಡೆದದ್ದನ್ನು ಗೋದಾಮಿನವರು ಈಗಲೂ ಹೇಳಿಕೊಂಡು ನಗುತ್ತಾರೆ. ಹಾಳೆಯ ಮೇಲೆ ಹಾಳೆ, ಚೀಟಿಯ ಮೇಲೆ ಚೀಟಿ, ಯಂತ್ರ ದಣಿಯದೆ ಓದುತ್ತಲೇ ಹೋಯಿತು. 'ಅಮೀರುನ್ನೀಸಾ ಬೂವಮ್ಮ ಮಾತು ನಿಲ್ಲಿಸಿದರೆ ಗೋದಾಮಿಗೆ ಕರೆಂಟು ಹೋಯಿತೋ ಎಂದು ಗಾಬರಿಯಾಗುತ್ತದೆ.' ಬೂವಮ್ಮ ಬೈಯಲು ಬಾಯಿ ತೆರೆದು, ಬೈದರೆ ಅದು ನಿಜವಾಗಿಬಿಡುತ್ತದೆಂದು ಮುಚ್ಚಿಕೊಂಡಳು. 'ಕದರಪ್ಪ ಲಾರಿ ಓಡಿಸುವುದಿಲ್ಲ, ಲಾರಿ ಕರುಣೆಯಿಂದ ಕದರಪ್ಪನನ್ನು ಕರೆತರುತ್ತದೆ.' ಕದರಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. "ನಿಜಮೇ ಕದಾ, ಇವನಿಗೆ ಹೆಂಗೆ ಗೊತ್ತಾಯ್ತು?" ಎಂದು ಆಶ್ಚರ್ಯಪಟ್ಟ. ಮುನ್ನೂರು ಹಾಳೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ರೇಣುಕಯ್ಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ.

ಕೊನೆಗೆ ಹಳದಿಯಾದ ಒಂದು ಹಾಳೆ ಬಂತು. ಹನ್ನೆರಡು ವರ್ಷದ ಹಿಂದಿನದು. ತರನ್ನುಮ್ ಮೆಲ್ಲಗೆ ಓದಿದಳು: "'ಇವತ್ತು ಸಾಹೇಬರು ಹೆಂಡತಿಯ ಮಣ್ಣು ಮುಗಿಸಿಕೊಂಡು ನೇರ ಗೋದಾಮಿಗೆ ಬಂದರು. ಅಮ್ಮಾವರಿಲ್ಲದ ಮನೆಗೆ ಹೋಗಲಾರೆ ಎಂದರು. ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.'"

ಕರೀಮ್ ಸಾಬರು ಕುರ್ಚಿಯಿಂದ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. "ಹತ್ತೊಂಬತ್ತು ವರ್ಷ ನನ್ನ ಪಕ್ಕದಲ್ಲೇ ಕೂತಿದ್ದೀಯ," ಎಂದರು. "ಒಂದು ದಿನಾನೂ ಬಾಯಿ ಬಿಟ್ಟು ಹೇಳಲಿಲ್ಲವಲ್ಲೋ."

ಅಷ್ಟರಲ್ಲಿ ಕಂಪ್ಯೂಟರು ಟಿಣ್ ಎಂದಿತು. ಪರದೆಯ ಮೇಲೆ ಹಸಿರು ಗುರುತು. ರಾಟರ್‌ಡ್ಯಾಮಿನ ಕಸ್ಟಮ್ಸು ಕಾಗದ ಒಪ್ಪಿತ್ತು. ಪಕ್ಕದಲ್ಲೇ ನಕ್ಷೆ ತೆರೆದುಕೊಂಡಿತು. ದೊಡ್ಡ ನೀಲಿ ಸಮುದ್ರದಲ್ಲಿ ಸಾಸಿವೆಯಷ್ಟು ಚುಕ್ಕಿಯೊಂದು ದಡದ ಕಡೆಗೆ ಕದಲುತ್ತಿತ್ತು.

"ಅದೇ ನಮ್ಮ ಹುಣಸೆಹಣ್ಣು," ಎಂದಳು ತರನ್ನುಮ್.

ಬೀಜ ತೆಗೆದ ಹೆಂಗಸರು ಒಬ್ಬೊಬ್ಬರಾಗಿ ಬಂದು ಆ ಚುಕ್ಕಿಯನ್ನು ನೋಡಿದರು. ತಾವು ಬೆರಳಲ್ಲಿ ಬಿಡಿಸಿದ ಹಣ್ಣು ಅಷ್ಟು ನೀರಿನ ನಡುವೆ, ಅಷ್ಟು ದೂರದಲ್ಲಿ, ತಮ್ಮ ಕಣ್ಣೆದುರೇ ತೇಲುತ್ತಿದೆ ಎಂಬುದನ್ನು ನಂಬಲಾರದೆ ನೋಡಿದರು. ಅಮೀರುನ್ನೀಸಾ ಕೂಡ ಮಾತಾಡಲಿಲ್ಲ. ಇಷ್ಟು ವರ್ಷ ತಾನು ಬರೆದ ಒಂದೊಂದು ಹಾಳೆಯೂ ಹೀಗೊಂದು ಚುಕ್ಕಿಯಾಗಿ ಸಮುದ್ರ ದಾಟಿತ್ತೆಂದು ರೇಣುಕಯ್ಯನಿಗೆ ಈಗ ಹೊಳೆಯಿತು. ಅವನು ಎದ್ದು ಸಾಬರ ಮುಂದೆ ಹೋಗಿ ಕೈ ಮುಗಿದ.

"ತಪ್ಪಾಯ್ತು ಸಾಹೇಬ್ರೆ. ಗೀಟು ಬೇಕಂತ್ಲೇ ಎಳ್ದೆ. ಇದು ಬಂದ್ಮ್ಯಾಕೆ ನನ್ನ ಕೆಲ್ಸ ಹೋಯ್ತದೆ ಅಂದ್ಕಂಡೆ."

"ಕೆಲಸ ಹೋಗುತ್ತೆ ಅಂತ ಯಾರಪ್ಪ ಹೇಳಿದ್ದು?" ಕರೀಮ್ ಸಾಬರು ಬೆರಗಾದರು. "ಯಂತ್ರಕ್ಕೆ ನಮ್ಮ ಸರಕಿನ ಬಗ್ಗೆ ಹೇಳಿಕೊಡೋಕೆ ಒಬ್ಬರನ್ನ ಹದಿನೈದು ದಿನ ಕಳಿಸಿ ಅಂತ ರಾಟರ್‌ಡ್ಯಾಮಿನ ಏಜೆಂಟರು ಕೇಳಿದ್ರು. ವಿಮಾನದ ಟಿಕೆಟ್ಟೂ ಅವರದ್ದೇ. ಹೋದ ವಾರವೇ ನಿನ್ನ ಹೆಸರು ಬರೆದು ಕಳಿಸಿದ್ದೆ. ಸಂಜೆ ಎಲ್ಲರ ಮುಂದೆ ಹೇಳೋಣ ಅಂತ ಇದ್ದೆ."

ರೇಣುಕಯ್ಯನ ಕಾಲ ಕೆಳಗೆ ಗೋದಾಮು ಒಮ್ಮೆ ಹಡಗಿನಂತೆ ತೂಗಿತು. ವಿಮಾನ! ರಾಟರ್‌ಡ್ಯಾಮು! ಆ ಚುಕ್ಕಿ ದಡ ಮುಟ್ಟುವ ಜಾಗ!

"ಅಬ್ಬಾ..." ಎಂದು ತರನ್ನುಮ್ ನಾಲಿಗೆ ಕಚ್ಚಿಕೊಂಡಳು. ಏಜೆಂಟರಿಂದ ಆಗಷ್ಟೇ ಒಂದು ಮೇಲ್ ಬಂದಿತ್ತು. ಅವಳು ಅದನ್ನು ಕನ್ನಡ ಮಾಡಿ ಹೇಳಿದಳು.

'ಯಂತ್ರ ಇಂದು ನಿಮ್ಮ ಮುನ್ನೂರು ಕಾಗದ ಓದಿ ನಮಗೆ ವರದಿ ಕಳಿಸಿದೆ. ನಮಗೆ ಬಹಳ ಸಂತೋಷವಾಗಿದೆ. ಆದರೆ ನೀವು ಹೆಸರಿಸಿದವರು ಇಂದು ಬೆಳಿಗ್ಗೆ ತೂಕ ತಿದ್ದಿದ್ದಾರೆಂದು ಅದರಲ್ಲಿದೆ. ಕಸ್ಟಮ್ಸಿನ ಕಟ್ಟಡದೊಳಗೆ ಅಂಥವರನ್ನು ಬಿಡುವುದಿಲ್ಲ. ಬದಲಿಗೆ ಒಂದೇ ಒಂದು ಕಿಲೋ ತಪ್ಪದೆ ಎಲ್ಲ ತೂಕದ ಚೀಟಿಗಳಿಗೂ ಸಹಿ ಹಾಕಿರುವ ಪ್ರಾಮಾಣಿಕರಾದ ಶ್ರೀ ದೇವರಾಜು ಅವರನ್ನು ಕಳಿಸಿಕೊಡಿ.'

ರೇಣುಕಯ್ಯ ತಿರುಗಿ ನೋಡಿದ. ಪ್ರಾಮಾಣಿಕ ದೇವರಾಜು ಬಾಗಿಲಲ್ಲಿ ನಿಂತು ನೆಲ ನೋಡುತ್ತ ಕಾಲ್ಬೆರಳಿನಿಂದ ರಂಗೋಲಿ ಬಿಡಿಸುತ್ತಿದ್ದ.

"ನಾನು ಬ್ಯಾಡ ಅಂದ್ರೂ ಕೇಳಲ್ವಂತೆ ರೇಣುಕಣ್ಣ," ಎಂದ. "ಯಂತ್ರ ಹೇಳಿದ್ಮ್ಯಾಕೆ ನಾವೇನ್ ಮಾಡಾಕಾಯ್ತದೆ?"

ಸಾಬರು ಗಂಟಲು ಸರಿಮಾಡಿಕೊಂಡರು. "ಆ ಹದಿನೈದು ದಿನ ವೇಬ್ರಿಡ್ಜಲ್ಲಿ ಯಾರಾದ್ರೂ ಕೂರಬೇಕಲ್ಲಪ್ಪ. ಇಲ್ಲಿ ಕಾಗದದ ಕೆಲಸ ಹೆಂಗೂ ಇದು ಮಾಡ್ತಾ ಇದೆ."

ಸಂಜೆ ದೇವರಾಜು ರೇಣುಕಯ್ಯನನ್ನು ಗೂಡಿನಲ್ಲಿ ಕೂರಿಸಿ ಗುಂಡಿಗಳನ್ನು ತೋರಿಸಿಕೊಟ್ಟ. "ಇದೇನ್ ಕಷ್ಟ ಇಲ್ಲ ಕಣಣ್ಣ. ಲಾರಿ ಬಂದ್ರೆ ಒತ್ತು, ಚೀಟಿ ಬರ್ತದೆ. ಒಂದೇ ತಾಪತ್ರಯ. ಬಿಸ್ಲು ಇಳಿದ್ಮ್ಯಾಕೆ ಕಬ್ಬಿಣ ಬೆಚ್ಚಗಿರ್ತದೆ ಅಂತ ಪಕ್ಕದ ಮನೆ ಎಮ್ಮೆ ಬಂದು ತೂಕದ ತಟ್ಟೆ ಮ್ಯಾಲೆ ಮಲಕ್ಕಂಬುಡ್ತದೆ. ಎಬ್ಬಿಸಾಕೆ ಹೋಗ್ಬ್ಯಾಡ, ಕೊಂಬಲ್ಲಿ ಹಾಯ್ತದೆ. ಅದರ ತೂಕ ಕಳ್ದು ಬರ್ಕೊ."

ಅವನು ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಹೊರಟುಹೋದ. ಹೊರಗೆ ಕದರಪ್ಪನ ಲಾರಿ ಹಾರನ್ ಹೊಡೆಯುತ್ತಿತ್ತು. ರೇಣುಕಯ್ಯ ಕಿಟಕಿಯಿಂದ ಬಗ್ಗಿ ನೋಡಿದ. ಎಮ್ಮೆ ಆಗಲೇ ಬಂದು ತಟ್ಟೆಯ ಮೇಲೆ ಮಲಗಿ, ಮೆಲುಕು ಹಾಕುತ್ತ, ಅವನನ್ನೇ ನೋಡುತ್ತಿತ್ತು.